ಹೊನ್ನಿಯ ಹೆಸರಿನ ದೀಪ

ಬುಕ್ಕಸಾಗರ ದಾಟಿ ಕಂಪ್ಲಿಯ ದಿಕ್ಕಿಗೆ ಹೋದರೆ ತುಂಗಭದ್ರೆಯ ದಂಡೆಗೆ ಅಂಟಿಕೊಂಡಂತೆ ಒಂದು ಸಣ್ಣ ಊರಿದೆ. ಅಲ್ಲಿ ಬೆಳಿಗ್ಗೆ ಆರಕ್ಕೆ ಹೊಳೆಗೆ ಇಳಿಯುವವರಿಗೆ ಮೊದಲು ಕೇಳಿಸುವುದು ರೇಣುಕಮ್ಮನ ಪೊರಕೆಯ ಸದ್ದು. ಹದಿನೇಳು ಮೆಟ್ಟಿಲು. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ನೀರಿನ ಅಂಚಿನವರೆಗೆ ಗುಡಿಸಿಕೊಂಡು ಬರುತ್ತಾಳೆ. ಗುಡಿಸುವುದು ಎಲೆ ಕಡ್ಡಿಯನ್ನಲ್ಲ, ಸತ್ತ ಹುಳುಗಳನ್ನು. ಬೆಳ್ಳಗೆ, ತೆಳ್ಳಗೆ, ಬಾಲದಲ್ಲಿ ಕೂದಲೆಳೆಯಂಥ ಎರಡು ಎಳೆ ಇರುವ ಹುಳು. ದೀಪವನ್ನು ಸುತ್ತಿ ಸುತ್ತಿ ಸೋತು, ಮೆಟ್ಟಿಲ ತುಂಬ ಮಂಡಕ್ಕಿ ಚೆಲ್ಲಿದಂತೆ ಬಿದ್ದಿರುತ್ತವೆ. ಬುಟ್ಟಿ ತುಂಬಿ ತಿಪ್ಪೆಗೆ ಸುರಿದು, ಕೈಕಾಲು ತೊಳೆದುಕೊಂಡು, ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುವುದು ಅವಳ ದಿನಚರಿ. ಒಂದು ದಿನವೂ ತಪ್ಪಿಲ್ಲ.

ದೀಪವೂ ಅವಳದೇ. ಗುಡಿಗೆ ಫ್ಯಾನು, ಬಸ್‌ಸ್ಟ್ಯಾಂಡಿಗೆ ಕಲ್ಲುಬೆಂಚು, ಶಾಲೆಗೆ ಗಡಿಯಾರ ಕೊಟ್ಟು ಸತ್ತವರ ಹೆಸರು ಬರೆಸುವುದು ನಮ್ಮ ಕಡೆ ಇದ್ದದ್ದೇ. ಫ್ಯಾನಿನ ರೆಕ್ಕೆಯ ಮೇಲೆ ಅಜ್ಜನ ಹೆಸರು ಗರಗರ ತಿರುಗುವುದನ್ನು ನೋಡಿ ನಕ್ಕವರೂ ಇದ್ದಾರೆ. ಆದರೆ ಹೊಳೆಯ ಮೆಟ್ಟಿಲ ಬಳಿಯ ಕಂಬದ ಮೇಲೆ ನೀಲಿ ಬಣ್ಣದಲ್ಲಿ ಬರೆದ 'ದಿ. ಹೊನ್ನೂರಮ್ಮ ಸ್ಮರಣಾರ್ಥ' ಎಂಬುದನ್ನು ಓದಿ ನಗುವ ಧೈರ್ಯ ಯಾರಿಗೂ ಬಂದಿಲ್ಲ. ಹೊನ್ನೂರಮ್ಮ ರೇಣುಕಮ್ಮನ ಒಬ್ಬಳೇ ಮಗಳು. ಊರಿಗೆಲ್ಲ ಹೊನ್ನಿ. ತೋರಣಗಲ್ಲಿನ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹತ್ತೊಂಬತ್ತರ ಹುಡುಗಿ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ, ಡ್ಯಾಮಿನಿಂದ ನೀರು ಬಿಟ್ಟು ಹೊಳೆ ಏರಿದ್ದಾಗ, ಈ ಮೆಟ್ಟಿಲಿನಿಂದ ನೀರು ಪಾಲಾದಳು.

"ಕತ್ತಲಾಗಿತ್ರೀ. ನೀರು ಮ್ಯಾಲೆ ಬಂದದ್ದು ಕಾಣ್ಲಿಲ್ಲ ಕೂಸಿಗೆ. ಒಂದು ದೀಪ ಇದ್ದಿದ್ರ ಉಳೀತಿದ್ಲು" ಎಂದು ರೇಣುಕಮ್ಮ ಬಂದವರಿಗೆಲ್ಲ ಹೇಳಿದಳು. ತಿಂಗಳು ತುಂಬುವುದರೊಳಗೆ ಹೊಸಪೇಟೆಗೆ ಹೋಗಿ, ಅಂಗಡಿಯವನಿಗೆ ಹಾಲಿನಷ್ಟು ಬೆಳ್ಳಗಿನ ಬೆಳಕು ಬೇಕೆಂದು ಕೇಳಿ, ಇದ್ದುದರಲ್ಲಿ ಬಿಳಿಯದಾದ ದೊಡ್ಡ ಎಲ್‌ಇಡಿ ದೀಪ ತಂದಳು. ಪಂಚಾಯಿತಿಯ ವೈರ್‌ಮ್ಯಾನ್ ಯಲ್ಲೇಶ್ ಕಂಬ ನೆಟ್ಟು, ದೀಪದ ಮುಖವನ್ನು ನೀರಿನ ಕಡೆಗೆ ತಿರುಗಿಸಿ ಕಟ್ಟಿಕೊಟ್ಟ. ಅಂದಿನಿಂದ ಸಂಜೆ ಆರೂವರೆಗೆ ಹೊತ್ತಿದ ದೀಪ ಬೆಳಗಾಗುವವರೆಗೂ ಆರುವುದಿಲ್ಲ.

ಕತ್ತಲಾಗಿತ್ತು ಎಂಬ ಮಾತನ್ನು ಊರೆಲ್ಲ ನಂಬಿತು. ನಂಬದೇ ಇದ್ದವನು ಒಬ್ಬನೇ, ಮೀನು ಹಿಡಿಯುವ ಎರ್ರಿಯಪ್ಪ. ನಂಬದೇ ಇದ್ದ ಎನ್ನುವುದೂ ಸರಿಯಲ್ಲ. ಅವನು ಕಣ್ಣಾರೆ ನೋಡಿದ್ದ.

ಮೆಟ್ಟಿಲ ಮುಂದೆ ಹೊಳೆ ಬಂಡೆಗಳ ನಡುವೆ ಆಳವಾಗಿ ನಿಲ್ಲುತ್ತದೆ. ಆ ಮಡುವಿನಲ್ಲಿ ಬಲೆ ಬಿಡುವುದು ಎರ್ರಿಯಪ್ಪನ ಅಜ್ಜನ ಕಾಲದಿಂದ ಅವರ ಮನೆಯವರದೇ ಪಾಲು. ಆ ದಿನ ಸಂಜೆ ಐದರ ಹೊತ್ತಿಗೆ ಅವನು ಹರಿಗೋಲಿನಲ್ಲಿ ಕೂತು, ಏರಿದ ನೀರಿಗೆ ಬಲೆ ಕೊಚ್ಚಿಹೋಗದಂತೆ ಎಳೆದುಕೊಳ್ಳುತ್ತಿದ್ದ. ಮೋಡ ಸರಿದು ಒಳ್ಳೆಯ ಬಿಸಿಲಿತ್ತು. ಹೊನ್ನಿ ಅನ್ನದ ಡಬರಿ ಹಿಡಿದು ಇಳಿದುಬಂದಳು. ಮರಳು ಹಾಕಿ ತಿಕ್ಕಿದಳು. ಜಾಲಾಡಿಸುವಾಗ ಡಬರಿ ಕೈಜಾರಿ ತೇಲಿತು. ಅದನ್ನು ಹಿಡಿಯಲು ಅವಳು ಒಂದು ಮೆಟ್ಟಿಲು ಕೆಳಗಿಳಿದು ಕೈಚಾಚಿದ್ದನ್ನು ಎರ್ರಿಯಪ್ಪ ನೋಡಿದ. ಅಷ್ಟರಲ್ಲಿ ಬಲೆ ಬಂಡೆಗೆ ಸಿಕ್ಕಿಕೊಂಡಿತು. ಅವನು ಬಲೆಯ ಕಡೆ ತಿರುಗಿದ. ಬಿಡಿಸಿಕೊಂಡು ಮತ್ತೆ ತಲೆ ಎತ್ತಿದಾಗ ಮೆಟ್ಟಿಲು ಬರಿದಾಗಿತ್ತು. ಹುಡುಗಿ ಮನೆಗೆ ಹೋಗಿದ್ದಾಳೆ ಎಂದುಕೊಂಡ. ಹಾಗೆ ಅಂದುಕೊಂಡು ಹರಿಗೋಲು ಹೊಡೆದುಕೊಂಡು ತಾನೂ ಮನೆಗೆ ಹೋದ.

ಹುಡುಕಾಟ ಶುರುವಾದದ್ದು ಕತ್ತಲಾದ ಮೇಲೆ. ಮರುದಿನ ಕಂಪ್ಲಿಯ ದಿಕ್ಕಿನಲ್ಲಿ ಎರಡು ಮೈಲು ಕೆಳಗೆ, ನೀರಂಚಿನ ಆಪಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಹೆಣವನ್ನು ಎತ್ತಿ ತಂದವನೂ ಎರ್ರಿಯಪ್ಪನೇ. ಹೆಣ ಇಳಿಸಿ ಅವನು ಬಾಯಿ ತೆರೆಯುವ ಮೊದಲೇ ತಾಯಿಯ ಬಾಯಲ್ಲಿ ಕತ್ತಲಿನ ಮಾತು ಬಂತು. ಅಲ್ಲ ತಂಗೀ ಬಿಸಿಲಿತ್ತು ಎಂದರೆ, ಹಾಗಾದರೆ ನೀನು ನೋಡಿದೆಯಾ ಎಂಬ ಪ್ರಶ್ನೆ ಬರುತ್ತದೆ. ನೋಡಿದೆ ಎಂದರೆ, ಮತ್ತೆ ಯಾಕೆ ಹೋಗಲಿಲ್ಲ ಎಂಬುದು ಬರುತ್ತದೆ. ಎರ್ರಿಯಪ್ಪ ಬಾಯಿಗೆ ಬೀಗ ಹಾಕಿಕೊಂಡ. ಹೆತ್ತವಳಿಗೆ ಕತ್ತಲಿನಿಂದ ಸಮಾಧಾನವಾಗುವುದಾದರೆ ಆಗಲಿ, ನಾನೇಕೆ ಕೆಡಿಸಲಿ ಎಂದು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಅರ್ಧ ಕನಿಕರವಿತ್ತು, ಅರ್ಧ ಅಂಜಿಕೆ. ಯಾವುದು ಎಷ್ಟು ಎಂದು ಅಳೆಯಲು ಅವನು ಹೋಗಲಿಲ್ಲ.

ದೀಪ ಬಂದ ಮೊದಲ ವರ್ಷ ಅವನಿಗೆ ಏನೂ ಅನ್ನಿಸಲಿಲ್ಲ. ಬೆಳಕಿದ್ದರೆ ಬಲೆ ತೊಳೆಯಲು ಅನುಕೂಲವೇ. ಆದರೆ ಮೀನು ಹಿಡಿಯುವವನ ಕೈಗೆ ಬಹಳ ದಿನ ಸುಳ್ಳು ಹೇಳುವುದಕ್ಕಾಗುವುದಿಲ್ಲ, ಬಲೆಯ ಭಾರ ಎಲ್ಲವನ್ನೂ ಹೇಳುತ್ತದೆ. ಬಲೆ ಹಗುರಾಗುತ್ತ ಬಂತು.

ಮೊದಲೆಲ್ಲ ಮಳೆ ನಿಂತ ಸಂಜೆಗಳಲ್ಲಿ ಆ ಬಿಳಿ ಹುಳುಗಳು ನೀರಿನಿಂದ ಎದ್ದು, ನೀರಿನ ಮೇಲೆಯೇ ಗುಂಪಾಗಿ ಕುಣಿದು, ನೀರಿಗೇ ಮೊಟ್ಟೆ ಬಿಟ್ಟು ಸಾಯುತ್ತಿದ್ದವು. ಮೀನುಗಳಿಗೆ ಅದು ಹಬ್ಬದೂಟ. ಉಳಿದ ಮೊಟ್ಟೆ ಮರಿಯಾಗಿ ವರ್ಷವೆಲ್ಲ ಕಲ್ಲಿನಡಿ ಬದುಕುತ್ತಿತ್ತು. ಒಂದು ಕಲ್ಲು ಮಗುಚಿದರೆ ಹತ್ತಾರು ಮರಿಹುಳು ಅತ್ತಿತ್ತ ಓಡುತ್ತಿದ್ದವು. ಅವನ್ನು ತಿನ್ನಲು ಕಿರುಮೀನು, ಕಿರುಮೀನಿನ ಬೆನ್ನಿಗೆ ಬಾಳೆಮೀನು, ಅದರ ಬೆನ್ನಿಗೆ ನೀರುನಾಯಿ. ಈಗ ಹುಳುಗಳು ಎದ್ದ ಕೂಡಲೇ ನೆಟ್ಟಗೆ ದೀಪಕ್ಕೆ ಹೋಗುತ್ತವೆ. ಬೆಳಕಿಗೆ ನೀರಿನಂತೆ ಹೊಳೆಯುವ ಸಿಮೆಂಟಿನ ಮೇಲೆ ಮೊಟ್ಟೆ ಬಿಟ್ಟು ಸಾಯುತ್ತವೆ. ಕಲ್ಲು ಮಗುಚಿದರೆ ಬರಿಯ ಪಾಚಿ. ಕತ್ತಲಾದ ಮೇಲೆ ಆಳಕ್ಕಿಳಿಯಬೇಕಾದ ಮೀನುಮರಿಗಳು ಹಗಲೆಂದುಕೊಂಡು ಮೇಲೆಯೇ ಸುಳಿದಾಡಿ ಕೊಕ್ಕರೆಯ ಬಾಯಿಗೆ ಹೋಗುತ್ತವೆ. ನೀರುನಾಯಿಯ ಜೋಡಿಯೊಂದು ಎದುರು ದಂಡೆಯ ಬಂಡೆಯಲ್ಲಿತ್ತು, ಅದೂ ಕಾಣೆಯಾಯಿತು.

ಒಂದು ಸಂಗತಿ ಮಾತ್ರ ಎರ್ರಿಯಪ್ಪನಿಗೆ ಬಗೆಹರಿಯಲಿಲ್ಲ. ಸಂಡೂರಿನ ಗುಡ್ಡಗಳ ಕಡೆ ಜೋರು ಮಳೆಯಾದರೆ ಹಳ್ಳದ ಕೆಮ್ಮಣ್ಣು ಹೊಳೆಗೆ ಸೇರಿ, ಮೂರು ನಾಲ್ಕು ದಿನ ಮಡುವಿನ ನೀರು ಕೆಂಪಾಗುತ್ತದೆ. ಆ ದಿನಗಳಲ್ಲಿ ಮೀನು ಬರುತ್ತಿತ್ತು! ನೀರು ತಿಳಿಯಾದ ಕೂಡಲೇ ಮತ್ತೆ ಮಾಯ. ಕೆಸರಿನಲ್ಲಿ ಅಂಥ ರುಚಿ ಏನಿದೆಯೋ ಎಂದು ಅವನು ತಲೆ ಕೆರೆದುಕೊಂಡಿದ್ದೇ ಬಂತು.

ಬಗೆಹರಿಸಿದವಳು ಶ್ರೀವಾಣಿ. ಹೊಸಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹೆಣ್ಣುಮಗಳು. ಈ ವರ್ಷ ಮಹಾನವಮಿ ಮುಗಿದ ಮರುವಾರ ಹೊಳೆಯ ಹುಳುಗಳನ್ನು ಎಣಿಸಲು ಬಂದಳು. ಹುಳು ಎಣಿಸುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಎರ್ರಿಯಪ್ಪನ ಹೆಂಡತಿ ಹಂಪಕ್ಕ ಬೆರಗಾದಳು. ಆದರೆ ಮೂರು ಸಂಜೆ ಶ್ರೀವಾಣಿ ಮೊಣಕಾಲುದ್ದ ನೀರಿನಲ್ಲಿ ನಿಂತದ್ದನ್ನು ನೋಡಿ, ನಾಲ್ಕನೆಯ ಸಂಜೆ ಚಹಾ ಕಾಸಿ ಕಳಿಸಿದವಳೂ ಅವಳೇ.

ಶ್ರೀವಾಣಿ ಎರ್ರಿಯಪ್ಪನ ಹರಿಗೋಲಿನಲ್ಲಿ ದೀಪದಿಂದ ದೂರ, ಹೊಳೆಯ ತಿರುವಿಗೆ ಹೋದಳು. ಬಂಡೆಯ ಮೇಲೆ ನಾಲ್ಕು ಬಿಳಿ ತಟ್ಟೆಗಳಲ್ಲಿ ನೀರು ತುಂಬಿಟ್ಟು, ಪ್ರತಿಯೊಂದರ ಮೇಲೂ ಒಂದು ಬ್ಯಾಟರಿ ಕಟ್ಟಿದಳು. ನಾಟಕದ ಸ್ಟೇಜಿನ ದೀಪಗಳಿಗೆ ಸುತ್ತುವ ಬಣ್ಣದ ಜಿಲೇಟಿನ್ ಹಾಳೆಯನ್ನು ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಕೆಂಪು ಸುತ್ತಿ, ಒಂದನ್ನು ಹಾಗೇ ಬಿಟ್ಟಳು. ಕಾಲು ಗಂಟೆಯಾದ ಮೇಲೆ ನೋಡಿದರೆ ನೀಲಿ ತಟ್ಟೆಯಲ್ಲೂ ಬಿಳಿ ತಟ್ಟೆಯಲ್ಲೂ ನೀರೇ ಕಾಣದಷ್ಟು ಹುಳು. ಹಳದಿಯಲ್ಲಿ ಹದಿನಾಲ್ಕು. ಕೆಂಪಿನಲ್ಲಿ ಎರಡೇ ಎರಡು, ಅದರಲ್ಲೊಂದು ಎರ್ರಿಯಪ್ಪನ ತೋಳಿನಿಂದ ಉದುರಿದ್ದು.

"ಬಣ್ಣದ ಮ್ಯಾಲೆ ಇರ್ತದೇನ್ರೀ ಇದು?" ಎಂದ ಅವನು, ಹರಿಗೋಲು ತಿರುಗಿಸಿಕೊಂಡು ಬರುವಾಗ.

"ಎಲ್ಲಾ ಬಣ್ಣದ ಮ್ಯಾಲೇ ಅದ ನೋಡ್ರಿ," ಎಂದಳು ಶ್ರೀವಾಣಿ. "ಆ ಬಿಳೀ ದೀಪದೊಳಗ ನೀಲಿ ತುಂಬ್ಯದ. ನಮಗ ಕಾಣಂಗಿಲ್ಲ, ಹುಳಕ್ಕ ಕಾಣ್ತದ. ತಿಳಿನೀರಿನ್ಯಾಗ ನೀಲಿ ಭಾಳ ಆಳಕ್ಕೂ ಇಳೀತದ. ಮೀನಿಗೆ ಯಾವಾಗ ಹೊತ್ತು ಮುಳುಗ್ತು, ಯಾವಾಗ ಬೆಳಗಾತು ಅನ್ನೋದೇ ತಿಳೀಲಾರದಂಗ ಆಗ್ತದ."

ಎರ್ರಿಯಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಹಂಗಾರ ಮೇಡಂ, ಕೆಂಪು ನೀರು ಬಂದಾಗ..." ಎಂದು ಸಂಡೂರಿನ ಕೆಮ್ಮಣ್ಣಿನ ಸಮಾಚಾರ ಹೇಳಿದ. ಶ್ರೀವಾಣಿ ಕಣ್ಣರಳಿಸಿ ಕೇಳಿ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿ ಬರೆದುಕೊಂಡಳು. ಕೆಮ್ಮಣ್ಣಿನ ನೀರು ಆ ನೀಲಿಯನ್ನು ಗೇಣು ಆಳದಲ್ಲೇ ತಡೆಯುತ್ತದೆ, ಮೀನಿಗೆ ಆ ಮೂರು ದಿನವಾದರೂ ನಿಜವಾದ ಕತ್ತಲು ಸಿಗುತ್ತದೆ, ಅದಕ್ಕೇ ಬರುತ್ತವೆ ಎಂದಳು. ದೀಪ ತೆಗೆಸಿದರೆ ಬಹಳ ಒಳ್ಳೆಯದು. ಆಗದಿದ್ದರೆ ಹಳದಿ ದೀಪ ಹಾಕಿ, ಬೆಳಕು ನೀರಿಗೆ ಬೀಳದೆ ಮೆಟ್ಟಿಲಿಗೆ ಮಾತ್ರ ಬೀಳುವಂತೆ ಮೇಲೊಂದು ತಗಡಿನ ಮುಚ್ಚಳ ಕಟ್ಟಿದರೆ ಹೊಳೆ ಎಷ್ಟೋ ಸುಧಾರಿಸುತ್ತದೆ. ಇನ್ನೊಂದೆರಡು ವರ್ಷ ಹೀಗೇ ಬಿಟ್ಟರೆ ಮಡುವಿನ ಹುಳದ ಬೀಜವೇ ಉಳಿಯುವುದಿಲ್ಲ, ಆಮೇಲೆ ದೀಪ ತೆಗೆದೂ ಉಪಯೋಗವಿಲ್ಲ ಎಂದೂ ಹೇಳಿದಳು.

ಮರುದಿನ ಇಬ್ಬರೂ ರೇಣುಕಮ್ಮನ ಹತ್ತಿರ ಹೋದರು. ಶಾಲೆಯ ಅಡುಗೆಮನೆಯಲ್ಲಿ ಅವಳು ಅಕ್ಕಿ ಆರಿಸುತ್ತಿದ್ದಳು. ಶ್ರೀವಾಣಿ ಮೆತ್ತಗೆ, ಒಂದೊಂದಾಗಿ ಎಲ್ಲ ಹೇಳಿದಳು. ರೇಣುಕಮ್ಮ ಮೊರದಿಂದ ತಲೆ ಎತ್ತದೆ ಕೇಳಿದಳು.

"ಹುಳಾ ಸಾಯೋದು ನನಗೂ ಗೊತ್ತೈತ್ರೀ. ದಿನಾ ಬುಟ್ಟಿ ತುಂಬಾಕಿ ನಾನ," ಎಂದಳು ಕಡೆಗೆ. "ಆದ್ರ ಹಳದಿ ದೀಪ ಮಬ್ಬು. ಅದ್ರಾಗ ನೀರು ಎಲ್ಲಿಗೆ ಬಂದೈತಿ ಅಂತ ಕಾಣಸ್ತೈತೇನು? ಆ ಬೆಳಕಿನ್ಯಾಗ ನನ್ನ ಹೊನ್ನಿಗೆ ಕಾಣಿಸ್ತಿತ್ತೇನು? ಎರ್ರಣ್ಣ ಹೇಳ್ಲಿ. ಹೊಳಿ ಅವಗ ಗೊತ್ತೈತಿ."

ಅವತ್ತು ಕತ್ತಲಿರಲಿಲ್ಲ ಎಂಬ ಒಂದು ಮಾತು ಎರ್ರಿಯಪ್ಪನ ನಾಲಿಗೆಯ ತುದಿಯಲ್ಲಿತ್ತು. ಅದೊಂದು ಹೊರಬಿದ್ದರೆ ದೀಪಕ್ಕೆ ಕಾರಣವೇ ಉಳಿಯುವುದಿಲ್ಲ, ಮಡು ಉಳಿಯುತ್ತದೆ, ಹಂಪಕ್ಕನ ಮೀನಿನ ಬುಟ್ಟಿ ತುಂಬುತ್ತದೆ. ಎದುರಿಗೆ ಕೂತ ಈ ಹೆಂಗಸಿಗೆ ಮಾತ್ರ ಏನೂ ಉಳಿಯುವುದಿಲ್ಲ. ಅವನು "ನೋಡೋಣ ತಂಗಿ" ಎಂದು ಅರ್ಥವಿಲ್ಲದ ಮಾತೊಂದನ್ನಾಡಿ ಎದ್ದುಬಂದ.

ಮನೆಯಲ್ಲಿ ಹಂಪಕ್ಕ ಹರಿಹಾಯ್ದಳು. "ಕಂಪ್ಲಿ ಸಂತ್ಯಾಗ ನನ್ನ ಬುಟ್ಟಿ ನೋಡಿ ಮಂದಿ ನಗ್ತಾರ. ನಾಕು ಅಗ್ಗದ ಜಿಲೇಬಿ ಮೀನು ಇಟ್ಕೊಂಡು ಕುಂದ್ರಬೇಕು ನಾನು. ಆಕೀಗೆ ದುಃಖ ಐತಿ, ಖರೆ. ನಮಗ ಹೊಟ್ಟಿ ಇಲ್ಲೇನು? ನಿನ್ನ ತಮ್ಮನ ಮಕ್ಕಳು ಕಲ್ಲು ತಗೊಂಡು ದೀಪ ಒಡೀತೀವಿ ಅಂತ ನಿಂತಾರ. ನೀನ ಬ್ಯಾಡ ಅಂತ ತಡದೀದಿ. ಯಾಕ ತಡದೀದಿ ಹೇಳು?"

ಯಾಕೆಂದು ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷದಿಂದ ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದರೂ ಆ ಸಂಜೆಯ ಐದು ಗಂಟೆ ಅವನೊಬ್ಬನದೇ ಆಗಿತ್ತು. "ಒಡ್ಯೋದು ಬ್ಯಾಡ. ನಾ ಮಾತಾಡ್ತೀನಿ" ಎಂದಷ್ಟೇ ಹೇಳಿದ. ಮಾತಾಡುವ ಗಂಡಸನ್ನು ನೋಡಿದ್ದೀನಿ ಎಂಬಂತೆ ಹಂಪಕ್ಕ ಮುಖ ತಿರುಗಿಸಿದಳು.

ಮಾತಾಡಲು ಎರಡು ಸಲ ರೇಣುಕಮ್ಮನ ಓಣಿಯ ತನಕ ಹೋದ. ಅವಳದು ಹೊಳೆಯ ದಾರಿಯ ಕೊನೆಯ ಮನೆ, ಬಾಗಿಲಲ್ಲಿ ನಿಂತರೆ ಮಡು ಕಾಣುತ್ತದೆ. ಒಂದು ಸಲ ಅವಳು ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. "ಬಾ ಎರ್ರಣ್ಣ, ಕುಂದ್ರು" ಎಂದಳು. ಅವನು ಬೇರೇನೋ ನೆಪ ಹೇಳಿ ಹಿಂದಿರುಗಿದ. ಇನ್ನೊಂದು ಸಲ ಬಾಗಿಲು ಹಾಕಿತ್ತು. ಬಾಗಿಲು ಹಾಕಿದ್ದಕ್ಕೆ ಖುಷಿಯಾದ ತನ್ನ ಮೇಲೆ ಅವನಿಗೇ ಹೇಸಿಗೆ ಬಂತು.

ಎಲ್ಲರೂ ಕೈಬಿಟ್ಟ ಮೇಲೆ ರೇಣುಕಮ್ಮನೇ ಶ್ರೀವಾಣಿಗೆ ಫೋನು ಮಾಡಿಸಿದಳು. "ಒಂದು ದಿನ ಹಳದಿ ಹಾಕ್ಸಿ ತೋರಸ್ರಿ. ನಾನ ಮೆಟ್ಲ ಇಳಿದು ನೋಡ್ತೀನಿ. ನೀರು ಕಾಣಿಸಿದ್ರ ಇರ್ಲಿ, ಕಾಣ್ಲಿಲ್ಲ ಅಂದ್ರ ಬಿಳೀದ ಇರ್ತೈತಿ. ಆಮ್ಯಾಲೆ ಯಾರೂ ನನ್ನ ಮನಿಗೆ ಬರಬಾರ್ದು." ಅದು ಅವಳು ಹಾಕಿದ ಷರತ್ತು.

ಶನಿವಾರ ಸಂಜೆ ಯಲ್ಲೇಶ್ ಏಣಿ ಹಾಕಿ, ಬಿಳಿ ದೀಪ ಬಿಚ್ಚಿ, ಶ್ರೀವಾಣಿ ತಂದ ಹಳದಿ ದೀಪವನ್ನು ಮುಚ್ಚಳದ ಸಮೇತ ಕಟ್ಟಿದ. ಹೊತ್ತು ಮುಳುಗಿ, ಎದುರು ದಂಡೆಯ ಬಂಡೆಗಳ ಗುರುತು ಕರಗಿದ ಮೇಲೆ ಸ್ವಿಚ್ಚು ಹಾಕಿದ. ಜೇನಿನ ಬಣ್ಣದ ಬೆಳಕು ಮೆಟ್ಟಿಲ ಮೇಲೆ ಮಾತ್ರ ಬಿತ್ತು. ಹೊಳೆ ಕಪ್ಪಗೆ ಉಳಿಯಿತು. ಎರಡು ವರ್ಷದಲ್ಲಿ ಆ ಮಡುವಿನ ಮೇಲೆ ಕತ್ತಲು ಕೂತದ್ದು ಅದೇ ಮೊದಲು. ತಂತಿಯ ಜಾಯಿಂಟು ಸರಿಯಾಗಿದೆಯೇ ನೋಡಲು ಯಲ್ಲೇಶ್ ಮೇಲಿನ ಸ್ವಿಚ್ಚಿನ ಡಬ್ಬಿಯ ಹತ್ತಿರ ಹೋದ, ಬ್ಯಾಟರಿ ಹಿಡಿಯಲು ಶ್ರೀವಾಣಿಯೂ ಅವನ ಹಿಂದೆ ಹೋದಳು. ರೇಣುಕಮ್ಮ ಸೆರಗು ಸಿಕ್ಕಿಸಿಕೊಂಡು ಇಳಿಯತೊಡಗಿದಳು. ಎರ್ರಿಯಪ್ಪ ನೀರಿನ ಅಂಚಿನಲ್ಲಿ, ಕೊನೆಯ ಮೆಟ್ಟಿಲ ಪಕ್ಕದಲ್ಲಿ ನಿಂತಿದ್ದ.

ಅವಳು ಮೆಲ್ಲಗೆ ಬಂದಳು. ಹನ್ನೆರಡನೆಯ ಮೆಟ್ಟಿಲಿನಲ್ಲಿ ನಿಂತು ಕೆಳಗೆ ನೋಡಿದಳು. ನೀರು ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಬಿಳಿ ಬೆಳಕಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು, ಏಕೆಂದರೆ ಆ ಬೆಳಕು ನೀರಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ಹುಳುಗಳು ಮೆಟ್ಟಿಲಿಗೆ ಬಂದಿರಲಿಲ್ಲ. ದೂರದಲ್ಲೆಲ್ಲೋ ಒಂದು ಮೀನು ನೀರಿನಿಂದ ನೆಗೆದು ಬಿದ್ದ ಸದ್ದಾಯಿತು. ರೇಣುಕಮ್ಮ ಅವನ ಪಕ್ಕಕ್ಕೆ ಬಂದು ಮೆಟ್ಟಿಲ ಮೇಲೆ ಕೂತಳು.

"ಇಷ್ಟು ಬೆಳಕು ಇದ್ದಿದ್ರ ಆಕೀಗೆ ಕಾಣಿಸ್ತಿತ್ತೇನು ಎರ್ರಣ್ಣ?"

"ಕಾಣಿಸ್ತಿತ್ತು ತಂಗಿ," ಎಂದ ಎರ್ರಿಯಪ್ಪ. "ಉಳೀತಿದ್ಲು." ಇದೊಂದು ಸುಳ್ಳಿನಿಂದ ಹೊಳೆಯೂ ಉಳಿಯಿತು, ಇವಳೂ ಉಳಿದಳು ಎಂದುಕೊಂಡ.

ರೇಣುಕಮ್ಮ ನೀರನ್ನೇ ನೋಡುತ್ತ ಹೇಳಿದಳು.

"ಅವತ್ತು ಕತ್ತಲ ಇರ್ಲಿಲ್ಲ. ಐದು ಗಂಟಿ. ಬಿಸಿಲಿತ್ತು."

ಎರ್ರಿಯಪ್ಪನೂ ಅವಳ ಪಕ್ಕದಲ್ಲಿ ಕೂತ.

"ನಾ ಬಾಗಿಲಾಗ ನಿಂತಿದ್ದೆ. ನಿನ್ನ ಹರಗೋಲ ಮಡುವಿನ ನಡುವ ಇತ್ತು. ನೋಡೀನಿ ನಾನು. ಆಮ್ಯಾಲೆ ಸಂಘದ ಮೀಟಿಂಗಿಗೆ ಹೋದೆ, ಸಿಟ್ಟಿನ್ಯಾಗ. ಬರೋದ್ರಾಗ ಕತ್ತಲಾಗಿತ್ತು." ಅವಳ ದನಿ ಸಮವಾಗಿತ್ತು, ಎಷ್ಟೋ ಸಲ ಒಳಗೇ ಹೇಳಿಕೊಂಡು ಸವೆದ ಮಾತಿನಂತೆ. "ಅನ್ನ ಸೀದಿತ್ತು ಎರ್ರಣ್ಣ. ಕೂಸು ಫೋನ್ ನೋಡ್ಕೊಂತ ಕುಂತಿತ್ತು. ಬರೇ ಅಷ್ಟಕ್ಕ, ಈ ಡಬರಿ ತಗೊಂಡು ಹೋಗಿ ಹೊಳಿಗ್ಯಾರ ಬೀಳು, ನನ್ನ ಕಣ್ಣ ಮುಂದ ನಿಂದ್ರಬ್ಯಾಡ ಅಂದೆ. ಅಂದೆ ನಾನು. ಹೋಗಿ ಬಿದ್ಲು."

ನಮ್ಮ ಕಡೆಯ ತಾಯಂದಿರು ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಬಾವಿಗೆ ಬೀಳು, ಹೊಳೆಗೆ ಬೀಳು, ಎಲ್ಲಾದರೂ ಹಾಳಾಗಿ ಹೋಗು. ಆಡಿದವರಿಗೂ ನೆನಪಿರುವುದಿಲ್ಲ, ಆಡಿಸಿಕೊಂಡವರಿಗೂ ಕೇಳಿಸುವುದಿಲ್ಲ. ಅಂದ ಬಾಯಲ್ಲೇ ಉಂಡೆಯಾ ಎಂದು ಕೇಳುತ್ತಾರೆ. ರೇಣುಕಮ್ಮನಿಗೆ ಮಾತ್ರ ಹಾಗೆ ಕೇಳಲು ಮಗಳು ಸಿಕ್ಕಲಿಲ್ಲ.

"ನೀ ಹೆಣ ಎತ್ತಿ ತಂದಿ," ಎಂದಳು ಅವಳು. "ಏನಾರ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ. ನೀ ತೆಲಿ ಎತ್ತಲಿಲ್ಲ. ಆಗ ನನಗ ತಿಳೀತು, ಆಕಿ ಹಾರಿದ್ದು ನೀ ನೋಡೀದಿ, ನನ್ನ ಮಾನ ಉಳಸಾಕ ಬಾಯಿ ಮುಚ್ಕೊಂಡೀದಿ ಅಂತ. ಅದಕ್ಕ ನಾನು ಕತ್ತಲಾಗಿತ್ತು ಅಂತ ಊರಿಗೆಲ್ಲ ಹೇಳಿದೆ. ದೀಪ ಹಾಕ್ಸಿದೆ. ಮಂದಿ ನಂಬಿದ್ರು. ನಾನೂ ಒಂದಿನ ನಂಬ್ತೀನಿ ಅಂತ ಮಾಡಿದ್ದೆ."

ಯಾವ ಮಾತಿನಿಂದ ಇವಳು ಸತ್ತೇಹೋಗುತ್ತಾಳೆ ಎಂದು ಎರ್ರಿಯಪ್ಪ ಎರಡು ವರ್ಷ ಎದೆಯಲ್ಲಿಟ್ಟುಕೊಂಡು ಕಾದಿದ್ದನೋ, ಆ ಮಾತು ಇಲ್ಲದೆಯೇ ಇವಳು ದಿನವೂ ಸಾಯುತ್ತಿದ್ದಳು.

"ಹಾರ್ಲಿಲ್ಲವ್ವಾ!" ಎಂದ. "ಆಕಿ ಹಾರ್ಲಿಲ್ಲ. ಡಬರಿ ತಿಕ್ಕಿದ್ಲು. ತೊಳಿಯೋವಾಗ ಕೈ ಜಾರಿ ತೇಲಿ ಹೊಂಟ್ತು. ಅದನ್ನ ಹಿಡ್ಯಾಕ ಒಂದು ಮೆಟ್ಲ ಇಳಿದು ಕೈ ಚಾಚಿದ್ಲು. ನನ್ನ ಕಣ್ಣಿಲೆ ನೋಡೀನಿ. ಡಬರಿ ಹಿಡ್ಯಾಕ ಹೋಗಿದ್ಲು, ಸಾಯಾಕಲ್ಲ."

ರೇಣುಕಮ್ಮ ಅವನ ಕಡೆ ತಿರುಗಿದಳು. "ಆಮ್ಯಾಲೆ?"

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಅವನಿಂದ ಆಗಲಿಲ್ಲ. "ಬಲಿ ಬಂಡಿಗೆ ಸಿಕ್ಕೊಂತು. ನಾ ಅತ್ಲಾಗ ತಿರುಗಿದೆ. ಮತ್ತ ನೋಡಿದಾಗ ಯಾರೂ ಇರ್ಲಿಲ್ಲ. ಮನಿಗೆ ಹೋಗ್ಯಾಳ ಅನ್ಕೊಂಡೆ. ಎದ್ದು ನೋಡ್ಲಿಲ್ಲ, ಕೂಗ್ಲಿಲ್ಲ. ಬಲಿ ಬಿಡಿಸ್ಕೊಂಡು ಮನಿಗೆ ಹೋಗಿ ಉಂಡೆ."

ಹೊಡೆಯುತ್ತಾಳೆ ಎಂದುಕೊಂಡ. ಹೊಡೆದರೆ ಒಳ್ಳೆಯದಿತ್ತು. ಅವಳು ಅವನ ತೋಳನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದಳು.

"ಮಾರಿ ಹೆಂಗಿತ್ತು? ಸಿಟ್ಟಿನ್ಯಾಗಿದ್ಲೇನು? ಅಳತಿದ್ಲೇನು? ಹೇಳು ಎರ್ರಣ್ಣ."

"ಇಲ್ಲ." ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಏನೋ ಹಾಡು ಹೇಳ್ತಿದ್ಲು. ಫೋನಿನ್ಯಾಗಿನ ಹಾಡು ಇರಬೇಕು. ತಿಕ್ಕೋ ತಾಳಕ್ಕ ತೆಲಿ ಹಾಕ್ತಿದ್ಲು."

"ಹಾಡ್ತಿದ್ಲಾ?"

"ಹಾಡ್ತಿದ್ಲು."

ಅವಳ ಬಾಯಿಂದ ಬಂದದ್ದು ಅಳುವೋ ನಗುವೋ ಹೇಳುವುದು ಕಷ್ಟ. ಮಡುವಿನ ಎದುರು ದಂಡೆಗೂ ಅದು ಕೇಳಿಸಿರಬೇಕು. ಮೇಲಿನಿಂದ ಯಲ್ಲೇಶ್ ಗಾಬರಿಯಾಗಿ "ಏನಾತ್ರೀ ಅಲ್ಲಿ?" ಎಂದು ಕೂಗಿದ. ಹೊಳೆಗೆ ಬೀಳು ಎಂಬ ಮಾತನ್ನು ಮಗಳು ಕಿವಿಯ ಮೇಲೇ ಹಾಕಿಕೊಂಡಿರಲಿಲ್ಲ. ಓಣಿ ದಾಟುವುದರೊಳಗೆ ಮರೆತು ಹಾಡು ಹೇಳಿಕೊಂಡು ಡಬರಿ ತಿಕ್ಕಿದ್ದಳು. ತಾಯಿಯೊಬ್ಬಳೇ ಅದನ್ನು ಎರಡು ವರ್ಷ ಹೊತ್ತುಕೊಂಡು ತಿರುಗಿದ್ದಳು.

ಅಳು ತಗ್ಗಿದ ಮೇಲೆ ರೇಣುಕಮ್ಮ ಅವನ ತೋಳು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದನ್ನ ಅವತ್ತ ಹೇಳಿದ್ರ ಏನಾಗ್ತಿತ್ತು ನಿನಗ?"

ನಿನ್ನ ಮೇಲಿನ ಕನಿಕರ ಎನ್ನಲು ಎರ್ರಿಯಪ್ಪನಿಗೆ ಬಾಯಿ ಬರಲಿಲ್ಲ.

"ಬಿಳೀದು ಬ್ಯಾಡ. ಇದ ಇರ್ಲಿ ಅಂತ ಹೇಳು ಮೇಡಂಗೆ," ಎಂದು ಅವಳು ಎದ್ದಳು. ಕೂತು ಕೂತು ಮೊಣಕಾಲು ಹಿಡಿದಿತ್ತು. ಅವನು ಆಸರೆಗೆಂದು ಕೈ ಚಾಚಿದ. ಆ ಕೈಯನ್ನು ಅವಳು ಒಂದು ಗಳಿಗೆ ನೋಡಿದಳು, ಹಿಡಿಯಲಿಲ್ಲ. ಹಳದಿ ಬೆಳಕಿನಲ್ಲಿ ಒಂದೊಂದೇ ಮೆಟ್ಟಿಲು ನೋಡಿಕೊಂಡು ಒಬ್ಬಳೇ ಹತ್ತಿಹೋದಳು.